ಸ್ವಂತ ವಾಕ್ಯ ಕೇಳುವ ಇಂಗ್ಲಿಷ್ ತರಗತಿ ಬೇಕು

ಜೂನ್ ತಿಂಗಳಲ್ಲಿ ಮೈಸೂರಿನ ಯಾವುದೇ ಪದವಿಪೂರ್ವ ಕಾಲೇಜಿನ ಪ್ರಥಮ ಪಿಯುಸಿ ಇಂಗ್ಲಿಷ್ ಪಿರಿಯಡ್ಡಿಗೆ ಹೋದರೂ ಎರಡು ಬಗೆಯ ಮಕ್ಕಳು ಒಂದೇ ಬೆಂಚಿನ ಮೇಲೆ ಕೂತಿರುತ್ತಾರೆ. ಒಬ್ಬರು ನಗರದ ಇಂಗ್ಲಿಷ್ ಮಾಧ್ಯಮದ ಶಾಲೆಯಲ್ಲಿ ಓದಿ, ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷನ್ನು ಪ್ರಥಮ ಭಾಷೆಯಾಗಿ 125 ಅಂಕಕ್ಕೆ ಬರೆದವರು. ಇನ್ನೊಬ್ಬರು ಎಚ್.ಡಿ. ಕೋಟೆಯಿಂದಲೋ ನಂಜನಗೂಡಿನಿಂದಲೋ ತಿ. ನರಸೀಪುರದ ಕಡೆಯಿಂದಲೋ ಬಂದವರು. ಕನ್ನಡ ಮಾಧ್ಯಮದಲ್ಲಿ ಓದಿ, ಇಂಗ್ಲಿಷನ್ನು ದ್ವಿತೀಯ ಭಾಷೆಯಾಗಿ 100 ಅಂಕಕ್ಕೆ ಬರೆದವರು. ಪಿಯುಸಿಗೆ ಕಾಲಿಟ್ಟ ದಿನದಿಂದ ಇಬ್ಬರಿಗೂ ಒಂದೇ ಪಠ್ಯ, ಒಂದೇ ಪ್ರಶ್ನೆಪತ್ರಿಕೆ. ವಿಜ್ಞಾನ ತೆಗೆದುಕೊಂಡಿದ್ದರಂತೂ ಎರಡನೆಯವರಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ ಎಲ್ಲವೂ ಅದೇ ವಾರದಿಂದ ಇಂಗ್ಲಿಷಿನಲ್ಲೇ.

ಹಾಗೆ ನೋಡಿದರೆ ಹದಿನಾರರ ವಯಸ್ಸಿನ ಮಕ್ಕಳ ಮಟ್ಟಿಗೆ ವಾರದ ಅತ್ಯಂತ ಮಹತ್ವದ ತರಗತಿ ಇದೇ ಆಗಬೇಕಿತ್ತು. ಆಗಿರುವುದು ಬೇರೆ. ಪಾಠದ ಸಾರಾಂಶ ಹೇಳುವುದು, ನೋಟ್ಸ್ ಬರೆಸುವುದು, ಅದನ್ನು ಬೈಹಾರ್ಟ್ ಮಾಡಿಸುವುದು, ಬ್ಲೂಪ್ರಿಂಟ್ ನೋಡಿಕೊಂಡು ಯಾವ ಪಾಠಕ್ಕೆ ಎಷ್ಟು ಅಂಕವೆಂದು ಲೆಕ್ಕ ಹಾಕುವುದು. ಕಷ್ಟಪಡುವವರಿಗೆ ‘ಪಾಸಿಂಗ್ ಪ್ಯಾಕೇಜ್’ ಎಂಬ ಹತ್ತಾರು ಪುಟಗಳ ಕಟ್ಟು. ವರ್ಷವಿಡೀ ಇಂಗ್ಲಿಷ್ ಓದಿದ ವಿದ್ಯಾರ್ಥಿಯನ್ನು ಯಾರೂ ಒಮ್ಮೆಯೂ ‘ನಿನಗೆ ಏನನ್ನಿಸಿತು, ನಿನ್ನದೇ ನಾಲ್ಕು ವಾಕ್ಯ ಬರೆ’ ಎಂದು ಕೇಳದೆಯೇ ಮಾರ್ಚ್ ತಿಂಗಳು ಬಂದುಬಿಡಬಹುದು.

ಮೈಸೂರಿನ ಪದವಿಪೂರ್ವ ತರಗತಿಗಳಲ್ಲಿ ಪಠ್ಯದ ಹೊರೆ ಹೆಚ್ಚಾಗಿದೆ, ಮಕ್ಕಳ ಮೇಲೆ ನಾವು ಇಟ್ಟುಕೊಂಡಿರುವ ನಿರೀಕ್ಷೆ ಕುಸಿದಿದೆ. ಇವೆರಡನ್ನೂ ಅದಲುಬದಲು ಮಾಡಬೇಕಾಗಿದೆ. ಬಾಯಿಪಾಠದ ಹೊರೆ ಇಳಿಯಬೇಕು. ಪ್ರತಿ ವಿದ್ಯಾರ್ಥಿಯೂ ವರ್ಷಕ್ಕೆ ಒಂದು ಪುಸ್ತಕವನ್ನು ಪೂರ್ತಿ ಓದಬೇಕು, ತಾನೇ ಯೋಚಿಸಿ ಬರೆಯಬೇಕು, ಬರೆದುದನ್ನು ತಿದ್ದಿ ಮತ್ತೆ ಬರೆಯಬೇಕು ಎಂಬ ನಿರೀಕ್ಷೆ ಏರಬೇಕು.

ಈ ಸ್ಥಿತಿಗೆ ಉಪನ್ಯಾಸಕರನ್ನೇ ದೂರುವುದು ಅನ್ಯಾಯ. ಎಂಜಿನಿಯರಿಂಗ್ ಸೀಟಿನ ರ‍್ಯಾಂಕಿಗೆ ಸಿಇಟಿಯ ಅಂಕ ಅರ್ಧ, ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕ ಇನ್ನರ್ಧ. ಭಾಷೆಗಳ ಅಂಕಕ್ಕೆ ಅಲ್ಲಿ ಜಾಗವೇ ಇಲ್ಲ. ವೈದ್ಯಕೀಯ ಸೀಟಿಗೆ ನೀಟ್ ಒಂದೇ ದಾರಿ. ಅದರಲ್ಲೂ ಭಾಷೆಯ ಪ್ರಶ್ನೆ ಇಲ್ಲ. ಪ್ರಥಮ ಪಿಯುಸಿಯ ಅಂಕವಂತೂ ದ್ವಿತೀಯ ಪಿಯುಸಿಯ ಫಲಿತಾಂಶಕ್ಕೂ ಸೇರುವುದಿಲ್ಲ. ಹೀಗಿರುವಾಗ ಬೆಳಿಗ್ಗೆ ಕೋಚಿಂಗ್, ಹಗಲು ಕಾಲೇಜು, ಸಂಜೆ ಮತ್ತೆ ಕೋಚಿಂಗ್ ಎಂದು ಓಡುವ ಮನೆಗಳಲ್ಲಿ ‘ಇಂಗ್ಲಿಷ್ ತಾನೆ, ಪಾಸಾದರೆ ಸಾಕು’ ಎಂಬ ಮಾತು ಹುಟ್ಟುವುದು ಸಹಜ. ಆದರೆ ಅದೇ ಮಗು ಎರಡು ವರ್ಷ ಕಳೆದು ಎಂಜಿನಿಯರಿಂಗ್ ಕಾಲೇಜಿಗೆ ಹೋದಾಗ ಲ್ಯಾಬ್ ವರದಿ ಬರೆಯಲು, ಸೆಮಿನಾರಿನಲ್ಲಿ ಐದು ನಿಮಿಷ ಮಾತನಾಡಲು, ಕೊನೆಗೆ ಕೆಲಸಕ್ಕೆ ಅರ್ಜಿಯ ಜೊತೆ ಒಂದು ಪುಟ ಬರೆಯಲು ತಿಣುಕಾಡುತ್ತದೆ. ರ‍್ಯಾಂಕಿನ ಲೆಕ್ಕದಿಂದ ಹೊರಗಿಟ್ಟ ವಿಷಯವೇ ಮುಂದಿನ ಪ್ರತಿ ವಿಷಯದ ಬಾಗಿಲಲ್ಲೂ ಎದುರಾಗುತ್ತದೆ.

ಪಠ್ಯಪುಸ್ತಕ ಬಡವಾಗಿದೆ ಎನ್ನುವಂತಿಲ್ಲ. ರಾಜ್ಯದ ಪ್ರಥಮ ಪಿಯುಸಿಯಲ್ಲಿ ದಶಕಕ್ಕೂ ಹೆಚ್ಚು ಕಾಲ ಓದಿಸುತ್ತ ಬಂದ ‘ಸ್ಪೆಕ್ಟ್ರಮ್’ ಪುಸ್ತಕವನ್ನು ತೆರೆದರೆ ಕೆನ್ಯಾದ ಜೋಮೊ ಕೆನ್ಯಾಟಾ ಬರೆದ ಕಾಡಿನ ಪ್ರಾಣಿಗಳ ನೀತಿಕಥೆ ಇದೆ, ವಿಲಿಯಂ ಬ್ಲೇಕನ ಶಾಲಾ ಹುಡುಗನ ಪದ್ಯ ಇದೆ, ವೈಕಂ ಮುಹಮ್ಮದ್ ಬಷೀರರ ಕತೆ ಇದೆ. ತೆಲುಗಿನ ವೋಲ್ಗಾ, ಮರಾಠಿ-ಇಂಗ್ಲಿಷ್ ಎರಡರಲ್ಲೂ ಬರೆದ ಅರುಣ್ ಕೊಲಟ್ಕರ್, ಉರ್ದುವಿನ ಫೈಜ್ ಇದ್ದಾರೆ. ಗುಲಾಮಗಿರಿಯಿಂದ ಬಿಡಿಸಿಕೊಂಡ ಫ್ರೆಡ್ರಿಕ್ ಡಗ್ಲಸ್‌ನ ಆತ್ಮಕಥನದ ಭಾಗವಿದೆ. ನಮ್ಮವರೇ ಆದ ಪೂರ್ಣಚಂದ್ರ ತೇಜಸ್ವಿ, ಮೂಡ್ನಾಕೂಡು ಚಿನ್ನಸ್ವಾಮಿ, ಆರ್.ಕೆ. ನಾರಾಯಣ್ ಇದ್ದಾರೆ. ಇಂಥ ಪುಸ್ತಕ ಕೈಯಲ್ಲಿರುವಾಗ ಕೊರತೆ ಇರುವುದು ಅದರಿಂದ ನಾವು ಕೇಳುವ ಪ್ರಶ್ನೆಗಳಲ್ಲಿ.

ಒಂದು ಪಾಠವನ್ನು ಹತ್ತಿರದಿಂದ ನೋಡೋಣ. ನಾರಾಯಣ್ ಅವರ ‘ವಾಚ್‌ಮನ್ ಆಫ್ ದಿ ಲೇಕ್’ ಒಂದು ಪುಟ್ಟ ನಾಟಕ. ಊರವರು ದಡ್ಡನೆಂದು ದೂರ ತಳ್ಳಿದ ಮಾರ ಕೆರೆಯ ಕಾವಲುಗಾರನಾಗುತ್ತಾನೆ. ಒಂದು ಬಿರುಗಾಳಿಯ ರಾತ್ರಿ ನದಿಯ ದೇವಿ ಕೆರೆಯನ್ನು ಒಡೆದು ಹರಿಯುತ್ತೇನೆಂದು ನಿಂತಾಗ, ತಾನು ರಾಜನಿಗೆ ಸುದ್ದಿ ಮುಟ್ಟಿಸಿ ಹಿಂದಿರುಗುವ ತನಕ ತಡೆದುಕೊಳ್ಳಬೇಕೆಂದು ಮಾರ ಬೇಡುತ್ತಾನೆ. ದೇವಿ ಒಪ್ಪುತ್ತಾಳೆ. ಮಾರ ರಾಜನ ಬಳಿ ಹೋಗಿ, ತಾನು ಎಂದೂ ಹಿಂದಿರುಗದಂತೆ ತನ್ನ ತಲೆ ಕಡಿಸಬೇಕೆಂದು ಕೇಳಿಕೊಳ್ಳುತ್ತಾನೆ. ತನ್ನ ಬಳಿಕ ಮಗ, ಆಮೇಲೆ ಅವನ ಮಕ್ಕಳು ಕಾವಲಿಗೆ ನಿಲ್ಲಲಿ ಎಂದು ಬೇಡುತ್ತಾನೆ.

ಗೈಡುಗಳಲ್ಲಿ ಈ ನಾಟಕಕ್ಕೆ ಸಿಗುವ ಉತ್ತರ ಸಿದ್ಧವಾಗಿದೆ: ಮಾರ ಜನರಿಗಾಗಿ ಪ್ರಾಣತ್ಯಾಗ ಮಾಡಿದ, ಅವನು ನಿಷ್ಠಾವಂತ ಕಾವಲುಗಾರ. ಎಂಬತ್ತು ಮಕ್ಕಳು ಎಂಬತ್ತು ಬಾರಿ ಅದನ್ನೇ ಬರೆದು ಅಂಕ ಪಡೆಯುತ್ತಾರೆ. ಅದರ ಬದಲು ಉಪನ್ಯಾಸಕರು ‘ಮಾರ ದೇವಿಗೆ ಕೊಟ್ಟ ಮಾತಿನಲ್ಲಿ ಮೋಸ ಇತ್ತೆ?’ ಎಂದು ಒಂದು ಪ್ರಶ್ನೆ ಕೇಳಿ, ಹತ್ತು ನಿಮಿಷ ಕೊಟ್ಟರೆ ಏನಾಗುತ್ತದೆ? ಹಿಂದಿನ ಬೆಂಚಿನ ಹುಡುಗಿಯೊಬ್ಬಳು ‘ಮಾರ ಡಿಡ್ ನಾಟ್ ಬ್ರೋಕ್ ಹಿಸ್ ಪ್ರಾಮಿಸ್, ಬಟ್ ಹಿ ಚೀಟೆಡ್ ದಿ ಗಾಡೆಸ್’ ಎಂದು ಬರೆದಳೆನ್ನೋಣ. ಆ ವಾಕ್ಯದಲ್ಲಿ ವ್ಯಾಕರಣದ ತಪ್ಪು ಒಂದೇ: ‘ಡಿಡ್ ನಾಟ್’ ಆದಮೇಲೆ ‘ಬ್ರೇಕ್’ ಬರಬೇಕು. ಅದನ್ನು ತಿದ್ದಲು ಅರ್ಧ ನಿಮಿಷ ಸಾಕು. ಆದರೆ ಮಾತು ಮುರಿಯದೆಯೇ ಮೋಸ ಮಾಡಬಹುದು ಎಂಬ ಎಳೆಯನ್ನು ಅವಳು ಹಿಡಿದಿದ್ದಾಳೆ. ‘ಬಟ್’ ಎಂಬ ಒಂದು ಪದದ ಮೇಲೆ ತನ್ನ ಯೋಚನೆಯನ್ನು ನಿಲ್ಲಿಸಿದ್ದಾಳೆ. ಮುಂದಿನ ಪ್ರಶ್ನೆ ತಾನಾಗಿಯೇ ಬರುತ್ತದೆ: ಹಾಗಾದರೆ ಅಂಥ ಮೋಸ ಸರಿಯೇ? ಅದಕ್ಕೆ ಉತ್ತರ ಹೇಳಬೇಕಾದರೆ ‘ಬಿಕಾಸ್’ ಬೇಕು, ‘ಇಫ್’ ಬೇಕು, ‘ಆಲ್ದೋ’ ಬೇಕು. ವ್ಯಾಕರಣ ಆಗ ಕೋಷ್ಟಕದಲ್ಲಿ ಉಳಿಯದೆ ಕೈಗೆ ಬೇಕಾದ ಸಲಕರಣೆಯಾಗುತ್ತದೆ.

ಇದು ನಡೆಯದಿರಲು ಒಂದು ದೊಡ್ಡ ಕಾರಣ ತಿದ್ದುವ ಹೊರೆ. ಲೆಕ್ಕ ಹಾಕಿ ನೋಡಿದರೆ ಗೊತ್ತಾಗುತ್ತದೆ. ಒಂದು ವಿಭಾಗದಲ್ಲಿ 80 ಮಕ್ಕಳಿದ್ದು, ಪ್ರತಿಯೊಬ್ಬರ ಒಂದು ಪುಟಕ್ಕೆ ಐದು ನಿಮಿಷ ಕೊಟ್ಟರೆ 400 ನಿಮಿಷ. ಅಂದರೆ ಆರೂ ಮುಕ್ಕಾಲು ಗಂಟೆಯ ಹತ್ತಿರ. ಅಂಥ ನಾಲ್ಕು ವಿಭಾಗಗಳಿದ್ದರೆ 26 ಗಂಟೆ ದಾಟುತ್ತದೆ. ಪಾಠ ಮಾಡಿ, ಹಾಜರಾತಿ ಹಾಕಿ, ಪರೀಕ್ಷೆಯ ಕೆಲಸ ನೋಡಿಕೊಂಡು ಇಷ್ಟನ್ನೂ ವಾರವಾರ ಮಾಡೆಂದು ಯಾವ ಉಪನ್ಯಾಸಕರಿಗೂ ಹೇಳಲಾಗದು. ಹಾಗೆಂದು ಬರವಣಿಗೆಯನ್ನೇ ಕೈಬಿಡಬೇಕಾಗಿಲ್ಲ. ಎಲ್ಲರೂ ಪ್ರತಿ ವಾರ ಬರೆಯಲಿ, ವಾರಕ್ಕೆ ಒಂದು ವಿಭಾಗದ ಇಪ್ಪತ್ತು ಮಂದಿಯದನ್ನು ಮಾತ್ರ ಉಪನ್ಯಾಸಕರು ತಿದ್ದಲಿ. ನಾಲ್ಕು ವಾರಕ್ಕೊಮ್ಮೆ ಎಲ್ಲರ ಸರದಿಯೂ ಬರುತ್ತದೆ. ಉಳಿದವರು ಪಕ್ಕದವರ ಪುಟವನ್ನು ಓದಿ, ಅರ್ಥವಾಗದ ವಾಕ್ಯದ ಕೆಳಗೆ ಗೆರೆ ಎಳೆಯಲಿ. ಒಂದು ಸಲಕ್ಕೆ ಒಂದೇ ಬಗೆಯ ತಪ್ಪನ್ನು ಹಿಡಿಯಲಿ: ಈ ತಿಂಗಳು ಕ್ರಿಯಾಪದದ ಕಾಲ, ಮುಂದಿನ ತಿಂಗಳು ವಾಕ್ಯಗಳ ಜೋಡಣೆ. ಪುಟದ ತುಂಬ ಕೆಂಪು ಶಾಯಿ ಕಂಡ ಮಗು ಮುಂದಿನ ಸಲ ಬರೆಯುವುದನ್ನೇ ಬಿಡುತ್ತದೆ; ಒಂದು ತಪ್ಪನ್ನು ತಾನೇ ತಿದ್ದಿಕೊಂಡ ಮಗು ಮುಂದಿನ ಸಲ ಎರಡು ವಾಕ್ಯ ಹೆಚ್ಚು ಬರೆಯುತ್ತದೆ.

ಇಂಥ ಬರವಣಿಗೆಗೆ ಅವಕಾಶವೂ ಈಗ ಇದೆ. ಪಿಯುಸಿಯ ಭಾಷಾ ವಿಷಯಗಳಲ್ಲಿ 80 ಅಂಕ ಲಿಖಿತ ಪರೀಕ್ಷೆಗೆ, 20 ಅಂಕ ಆಂತರಿಕ ಮೌಲ್ಯಮಾಪನಕ್ಕೆ. ಕಿರುಪರೀಕ್ಷೆಗಳ ಜೊತೆ ಪ್ರಾಜೆಕ್ಟ್, ಅಸೈನ್‌ಮೆಂಟಿಗೂ ಅದರಲ್ಲಿ ಪಾಲಿದೆ. ತರಗತಿಯಲ್ಲಿ ಬರೆಯುವ, ಮಾತನಾಡುವ ಕೆಲಸಕ್ಕೆ ಬೆಲೆ ಕೊಡಲು ಇದು ಒಳ್ಳೆಯ ಬಾಗಿಲು. ಆದರೆ ಹಲವು ಕಡೆ ‘ಇಂಟರ್ನಲ್ಸ್’ ಎಂದರೆ ಅಂತರ್ಜಾಲದಿಂದ ಇಳಿಸಿಕೊಂಡ ಲೇಖಕರ ಪರಿಚಯ, ಬಣ್ಣದ ಚಿತ್ರ, ಜೆರಾಕ್ಸ್ ಅಂಗಡಿಯಲ್ಲಿ ಹಾಕಿಸಿದ ಸ್ಪೈರಲ್ ಬೈಂಡಿಂಗ್ ಎಂದಾಗಿದೆ. ಈಗ ಮೊಬೈಲಿನಲ್ಲಿ ಪ್ರಶ್ನೆ ಹಾಕಿದರೆ ಕೃತಕ ಬುದ್ಧಿಮತ್ತೆ ಇಡೀ ಪ್ರಾಜೆಕ್ಟನ್ನೇ ಬರೆದು ಕೊಡುತ್ತದೆ. ಮನೆಯಲ್ಲಿ ಬರೆದು ತರುವ ಕೆಲಸಕ್ಕೆ ಅಂಕ ಕೊಡುವುದರಲ್ಲಿ ಇನ್ನು ಅರ್ಥ ಉಳಿದಿಲ್ಲ. ತರಗತಿಯಲ್ಲೇ, ಪೆನ್ನಿನಲ್ಲೇ, ಉಪನ್ಯಾಸಕರ ಕಣ್ಣೆದುರಲ್ಲೇ ಬರೆದ ಪುಟ, ಅದರ ಬಗ್ಗೆ ಎರಡು ನಿಮಿಷದ ಮಾತುಕತೆ: ಅಂಕ ಇದಕ್ಕೆ ಸಲ್ಲಬೇಕು.

ಇಂಥ ಕೆಲಸ ಬೇರೆ ಕಡೆ ಹೇಗೆ ನಡೆಯುತ್ತದೆಂದೂ ನೋಡಬಹುದು. ಅಮೆರಿಕದಲ್ಲಿ ನೆಲೆಸಿದ ಕನ್ನಡ ಕುಟುಂಬಗಳ ಮಕ್ಕಳು ಒಂಬತ್ತನೇ ತರಗತಿಗೆ ಹೈಸ್ಕೂಲು ಸೇರುತ್ತಾರೆ. ಅಲ್ಲಿ ಹಲವು ಶಾಲೆಗಳಲ್ಲಿ ಮೊದಲ ವರ್ಷವೇ ‘ಆನರ್ಸ್ ಇಂಗ್ಲಿಷ್’ ಎಂಬ ಪ್ರತ್ಯೇಕ ತರಗತಿ ಇರುತ್ತದೆ. ಬೇಸಿಗೆ ರಜೆಯಲ್ಲೇ ಓದಿಕೊಂಡು ಬರಬೇಕಾದ ಪುಸ್ತಕ, ಆಯ್ದ ಭಾಗವಲ್ಲದ ಇಡೀ ಕಾದಂಬರಿ, ಇಡೀ ನಾಟಕ, ಒಂದೇ ಪ್ರಬಂಧದ ಎರಡು ಮೂರು ಕರಡು, ಚರ್ಚೆಯಲ್ಲಿ ಪಾಲ್ಗೊಳ್ಳುವುದು ಇವೆಲ್ಲ ಅಲ್ಲಿ ವಾಡಿಕೆ. ಅಲ್ಲಿಂದ ಕಲಿಯಬೇಕಾದುದು ಈ ಕೆಲಸದ ಕ್ರಮವನ್ನು. ಮಕ್ಕಳನ್ನು ವಿಂಗಡಿಸುವ ಪದ್ಧತಿಯನ್ನು ತರಬೇಕಾಗಿಲ್ಲ. ಆ ವಿಂಗಡಣೆ ಅಲ್ಲಿಯೇ ಪ್ರಶ್ನೆಗೆ ಒಳಗಾಗಿದೆ. ಲಾಸ್ ಏಂಜಲೀಸ್ ಬಳಿಯ ಕಲ್ವರ್ ಸಿಟಿಯ ಹೈಸ್ಕೂಲು ಒಂಬತ್ತು, ಹತ್ತನೇ ತರಗತಿಗಳ ಆನರ್ಸ್ ಇಂಗ್ಲಿಷನ್ನು ಕೈಬಿಟ್ಟು ಎಲ್ಲರನ್ನೂ ಒಂದೇ ತರಗತಿಯಲ್ಲಿ ಕೂರಿಸಿತು. ಪೋಷಕರಲ್ಲಿ ಕೆಲವರು ವಿರೋಧಿಸಿದರು, 2023ರಲ್ಲಿ ಅದು ದೇಶದಾದ್ಯಂತ ಚರ್ಚೆಯಾಯಿತು. ನಮ್ಮಲ್ಲೂ ‘ಟಾಪರ್ಸ್ ಬ್ಯಾಚ್’, ‘ಎ ಸೆಕ್ಷನ್’ ಎಂದು ಮಕ್ಕಳನ್ನು ಬೇರ್ಪಡಿಸುವ ಚಟ ಇದೆ. ಎಚ್.ಡಿ. ಕೋಟೆಯ ಹುಡುಗನನ್ನು ಮೊದಲ ತಿಂಗಳೇ ಪಾಸಿಂಗ್ ಪ್ಯಾಕೇಜಿನ ಬೆಂಚಿಗೆ ಕಳಿಸಿದರೆ, ಅವನಿಂದ ಇನ್ನೇನನ್ನೂ ನಿರೀಕ್ಷಿಸುತ್ತಿಲ್ಲ ಎಂದು ಕಾಲೇಜೇ ಅವನಿಗೆ ಹೇಳಿದಂತೆ. ಅವನಿಗೂ ಅದೇ ಪುಸ್ತಕ, ಅದೇ ಪ್ರಶ್ನೆ ಸಿಗಬೇಕು. ಬದಲಾಗಬೇಕಾದುದು ಅಲ್ಲಿಗೆ ತಲುಪುವ ಮೆಟ್ಟಿಲುಗಳ ಸಂಖ್ಯೆ: ಮೊದಲು ಕನ್ನಡದಲ್ಲಿ ಚರ್ಚಿಸಲಿ, ಆಮೇಲೆ ಪದಗಳ ಪಟ್ಟಿ ಮಾಡಿಕೊಳ್ಳಲಿ, ಆಮೇಲೆ ಮೂರು ವಾಕ್ಯ ಬರೆಯಲಿ, ಮುಂದಿನ ವಾರ ಆರು.

ಇಂಗ್ಲಿಷ್ ತರಗತಿಯಲ್ಲಿ ಕನ್ನಡ ನುಸುಳಬಾರದೆಂಬ ಹಟವನ್ನು ಬಿಡಬೇಕು. ತೇಜಸ್ವಿಯವರ ‘ಅರೌಂಡ್ ಎ ಮೆಡಿಸಿನಲ್ ಕ್ರೀಪರ್’ ಮೂಲತಃ ಕನ್ನಡದ್ದು. ಮೂಡ್ನಾಕೂಡು ಚಿನ್ನಸ್ವಾಮಿಯವರ ಪದ್ಯವೂ ಕನ್ನಡದಿಂದ ಹೋದದ್ದೇ. ಅವರ ಹುಟ್ಟೂರು ಪಕ್ಕದ ಚಾಮರಾಜನಗರ ಜಿಲ್ಲೆಯದು. ಮೂಲವನ್ನು ಮುಂದಿಟ್ಟುಕೊಂಡು ಒಂದು ಪ್ಯಾರಾವನ್ನು ಮಕ್ಕಳೇ ಇಂಗ್ಲಿಷಿಗೆ ತರಲಿ, ಆಮೇಲೆ ಪುಸ್ತಕದ ಅನುವಾದದ ಜೊತೆ ಹೋಲಿಸಲಿ. ಆಗ ಕನ್ನಡ ಮಾಧ್ಯಮದಿಂದ ಬಂದವರು ಮುಂದಿನ ಬೆಂಚಿಗೆ ಬರುತ್ತಾರೆ; ಮೂಲದ ಧಾಟಿ ಅವರಿಗೆ ಚೆನ್ನಾಗಿ ಗೊತ್ತು. ಇಂಗ್ಲಿಷ್ ಮಾಧ್ಯಮದಿಂದ ಬಂದವರು ಅವರನ್ನು ಕೇಳಿ ತಿಳಿಯಬೇಕಾಗುತ್ತದೆ. ಈ ಊರಿಗೆ ಇದು ಹೊಸದಲ್ಲ. ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿದ ಬಿ.ಎಂ. ಶ್ರೀಕಂಠಯ್ಯನವರೇ 1926ರಲ್ಲಿ ‘ಇಂಗ್ಲಿಷ್ ಗೀತಗಳು’ ಅನುವಾದ ಸಂಕಲನ ಹೊರತಂದು ಹೊಸಗನ್ನಡ ಕಾವ್ಯಕ್ಕೆ ದಾರಿ ತೆರೆದರು.

ಅದೇ 1926ರಲ್ಲಿ ಮಹಾರಾಜ ಕಾಲೇಜಿಗೆ ಸೇರಿದ ಹುಡುಗನೊಬ್ಬನಿದ್ದ. ಹೈಸ್ಕೂಲು ಮುಗಿದ ಮೇಲೆ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯಲ್ಲಿ ಫೇಲಾಗಿ, ಒಂದು ವರ್ಷ ಮನೆಯಲ್ಲೇ ಕೂತು ಮನಸೋಇಚ್ಛೆ ಓದಿ, ಬರೆದು, ಆಮೇಲೆ ಪಾಸಾದ ಆ ಹುಡುಗ ಆರ್.ಕೆ. ನಾರಾಯಣ್. ತಂದೆ ಮಹಾರಾಜ ಕಾಲೇಜಿಯೇಟ್ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿದ್ದುದರಿಂದ ಶಾಲೆಯ ಗ್ರಂಥಾಲಯ ಅವರ ಕೈಗೆ ಸಿಕ್ಕಿತ್ತು. ಮೊದಲ ಕಾದಂಬರಿ ‘ಸ್ವಾಮಿ ಅಂಡ್ ಫ್ರೆಂಡ್ಸ್’ 1935ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾಯಿತು. ಮುಂದೆ ರಾಜ್ಯಸಭೆಗೆ ನಾಮನಿರ್ದೇಶನಗೊಂಡಾಗ ಅವರು ಮಾತನಾಡಿದ್ದು ಮಕ್ಕಳ ಬೆನ್ನಿನ ಮೇಲಿನ ಶಾಲಾ ಚೀಲದ ಭಾರದ ಬಗ್ಗೆ. ಆ ಮಾತು ಎಬ್ಬಿಸಿದ ಚರ್ಚೆಯೇ ಮುಂದೆ ಪ್ರೊ. ಯಶಪಾಲ್ ಸಮಿತಿಗೆ ಹಿನ್ನೆಲೆಯಾಯಿತು. 1993ರಲ್ಲಿ ಆ ಸಮಿತಿ ಹೊರೆಯಿಲ್ಲದ ಕಲಿಕೆಯ ವರದಿ ಕೊಟ್ಟಿತು. ಬಾಯಿಪಾಠದ ಭಾರವನ್ನು ಅಷ್ಟು ತೀವ್ರವಾಗಿ ವಿರೋಧಿಸಿದವರು ಓದುವುದರಲ್ಲಿ, ಬರೆಯುವುದರಲ್ಲಿ ತಮ್ಮಿಂದ ತಾವೇ ನಿರೀಕ್ಷಿಸಿಕೊಂಡದ್ದು ಸ್ವಲ್ಪವಲ್ಲ. ಆದ್ದರಿಂದ ‘ಮಕ್ಕಳಿಗೆ ಈಗಲೇ ಭಾರ ಜಾಸ್ತಿ, ಇನ್ನೂ ಓದಿಸಬೇಕೆ?’ ಎಂಬ ಆಕ್ಷೇಪಕ್ಕೆ ಉತ್ತರ ನಾರಾಯಣ್ ಅವರ ಬದುಕಿನಲ್ಲೇ ಇದೆ. ನೂರು ಪುಟ ನೋಟ್ಸ್ ಬೈಹಾರ್ಟ್ ಮಾಡುವುದು ಭಾರ. ಸ್ವಾಮಿ, ಮಣಿ, ರಾಜಂ ಇವರ ಕ್ರಿಕೆಟ್ ತಂಡದ ಕತೆಯನ್ನು ಓದುವುದಕ್ಕೆ ಆ ಹೆಸರು ಸಲ್ಲದು.

ಒಂದೊಂದು ಸಾಲಿನ ಬಳಿಯೂ ನಿಂತು ಓದುವ ಪರಂಪರೆಯೂ ಮೈಸೂರಿಗಿದೆ. ಕೇಂಬ್ರಿಜ್‌ನಲ್ಲಿ ವಿಮರ್ಶಕ ಎಫ್.ಆರ್. ಲೀವಿಸ್ ಅವರ ಬಳಿ ಕಲಿತು ಬಂದ ಸಿ.ಡಿ. ನರಸಿಂಹಯ್ಯನವರು ಮಹಾರಾಜ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿ, ಪ್ರಾಂಶುಪಾಲರಾಗಿ, ‘ಲಿಟರರಿ ಕ್ರೈಟೀರಿಯನ್’ ಪತ್ರಿಕೆಯ ಸಂಪಾದಕರಾಗಿ ಆ ಶಿಸ್ತನ್ನು ಬೆಳೆಸಿದರು. ಭಾರತೀಯರು ಇಂಗ್ಲಿಷಿನಲ್ಲಿ ಬರೆದುದನ್ನು ಪಠ್ಯಕ್ಕೆ ತರಲು ಶ್ರಮಿಸಿದರು. 1979ರಲ್ಲಿ ಧ್ವನ್ಯಾಲೋಕ ಎಂಬ ಸಾಹಿತ್ಯ ಅಧ್ಯಯನ ಕೇಂದ್ರವನ್ನು ಕಟ್ಟಿದರು. ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯ ಪರಿಸರದಲ್ಲಿ 1963ರಲ್ಲಿ ಆರಂಭವಾದ ಪ್ರಾದೇಶಿಕ ಶಿಕ್ಷಣ ಸಂಸ್ಥೆ, 1969ರಲ್ಲಿ ಆರಂಭವಾದ ಭಾರತೀಯ ಭಾಷಾ ಸಂಸ್ಥಾನ ಇವೆ. ಒಂದು ಊರಿನಲ್ಲಿ ಇಷ್ಟು ಅನುಭವ ಇರುವಾಗ, ನಗರದ ಪಿಯು ಉಪನ್ಯಾಸಕರು ವರ್ಷಕ್ಕೆರಡು ಬಾರಿ ಒಂದೆಡೆ ಸೇರಿ, ತಮ್ಮ ಮಕ್ಕಳು ಬರೆದ ಪುಟಗಳನ್ನು ಹೆಸರು ಮರೆಸಿ ಹರಡಿಕೊಂಡು, ಯಾವುದು ಚೆನ್ನಾಗಿದೆ, ಏಕೆ ಚೆನ್ನಾಗಿದೆ ಎಂದು ಮಾತನಾಡಿಕೊಳ್ಳುವ ಏರ್ಪಾಡು ಕಷ್ಟದ್ದೇನಲ್ಲ. ಆನರ್ಸ್ ದರ್ಜೆಯ ಮಟ್ಟ ಇಂಥ ಮಾತುಕತೆಯಿಂದಲೇ ಬೆಳೆಯಬೇಕು.

ವರ್ಷದ ಕೆಲಸ ಹೀಗಿರಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಂದು ಪ್ಯಾರಾ, ಎಲ್ಲವೂ ತರಗತಿಯಲ್ಲೇ ಬರೆದದ್ದು. ದಸರಾ ರಜೆಯಲ್ಲಿ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಅಥವಾ ಅಷ್ಟೇ ಗಾತ್ರದ ಒಂದು ಪುಸ್ತಕ ಪೂರ್ತಿ. ರಜೆ ಮುಗಿದ ಮೇಲೆ ಪುಸ್ತಕದ ಒಂದು ಪಾತ್ರ ತೆಗೆದುಕೊಂಡ ತೀರ್ಮಾನವನ್ನು ಸರಿಯೋ ತಪ್ಪೋ ಎಂದು ವಾದಿಸುವ ಎರಡು ಪುಟ; ಮೊದಲ ಕರಡು, ಗೆಳೆಯರ ಓದು, ಎರಡನೇ ಕರಡು. ಡಿಸೆಂಬರ್‌ನಲ್ಲಿ ದೇವರಾಜ ಮಾರುಕಟ್ಟೆಯ ಹೂವಿನ ಸಾಲಿಗೋ ತಮ್ಮ ಊರಿನ ಹಾಲಿನ ಡೇರಿಗೋ ಹೋಗಿ ಒಬ್ಬರನ್ನು ಕನ್ನಡದಲ್ಲಿ ಮಾತನಾಡಿಸಿ, ಅವರ ಒಂದು ದಿನದ ಕೆಲಸವನ್ನು ಇಂಗ್ಲಿಷಿನಲ್ಲಿ ತರಗತಿಯಲ್ಲಿ ಕೂತು ಬರೆಯುವುದು. ಜನವರಿಯಲ್ಲಿ ಅದನ್ನೇ ಎಲ್ಲರೆದುರು ಮೂರು ನಿಮಿಷ ಹೇಳುವುದು. ಇದಕ್ಕೆ ಸ್ಮಾರ್ಟ್ ಬೋರ್ಡ್ ಬೇಡ, ಹೊಸ ಕಟ್ಟಡ ಬೇಡ. ಪ್ರತಿ ಕಾಲೇಜಿನ ಗ್ರಂಥಾಲಯಕ್ಕೆ ಒಂದೇ ಪುಸ್ತಕದ ನಲವತ್ತು ಪ್ರತಿ ಬೇಕು, ಗ್ರಂಥಾಲಯದ ಬೀಗ ತೆಗೆದಿರಬೇಕು.

ಪೋಷಕರ ಪಾಲೂ ಇದರಲ್ಲಿದೆ. ಮಗ ಫರಫರ ಇಂಗ್ಲಿಷ್ ಮಾತನಾಡುತ್ತಾನೆಂದು ಹಿಗ್ಗುವ ಮನೆಯಲ್ಲಿ, ಅವನು ಒಂದು ವಿಷಯದ ಬಗ್ಗೆ ಅರ್ಧ ಪುಟ ತಾನಾಗಿ ಬರೆಯಬಲ್ಲನೇ ಎಂದು ಒಮ್ಮೆ ನೋಡಬೇಕು. ಮಗಳಿಗೆ ಇಂಗ್ಲಿಷ್ ಬರುವುದಿಲ್ಲವೆಂದು ಕುಗ್ಗುವ ಮನೆಯಲ್ಲಿ, ಅವಳು ಕನ್ನಡದಲ್ಲಿ ಎಷ್ಟು ಸ್ಪಷ್ಟವಾಗಿ ಯೋಚಿಸುತ್ತಾಳೆಂದು ಕೇಳಿಸಿಕೊಳ್ಳಬೇಕು. ಮೊದಲನೆಯವನಿಗೆ ಯೋಚನೆಯನ್ನು, ಎರಡನೆಯವಳಿಗೆ ಪದಗಳನ್ನು ಒದಗಿಸಿದರೆ ಇಬ್ಬರೂ ಒಂದೇ ವರ್ಷದಲ್ಲಿ ಬಹುದೂರ ಬರುತ್ತಾರೆ.

ಮುಂದಿನ ಜೂನ್‌ಗೆ ಮುಂಚೆ ಪದವಿಪೂರ್ವ ಶಿಕ್ಷಣ ಇಲಾಖೆ ಎರಡು ನಿರ್ಧಾರ ತೆಗೆದುಕೊಳ್ಳಬಹುದು. ಆಂತರಿಕ ಮೌಲ್ಯಮಾಪನದ 20ರಲ್ಲಿ ಪ್ರಾಜೆಕ್ಟಿಗೆ ಇರುವ ಪಾಲನ್ನು ತರಗತಿಯಲ್ಲೇ ಬರೆದ ಪುಟಗಳಿಗೆ, ಅವುಗಳ ಬಗೆಗಿನ ಮಾತುಕತೆಗೆ ಮೀಸಲಿಡುವುದು ಒಂದು. ವಾರ್ಷಿಕ ಪರೀಕ್ಷೆಯಲ್ಲಿ ಪಠ್ಯದ ಮೇಲೆ ಹತ್ತು ಅಂಕದಷ್ಟಾದರೂ ಗೈಡಿನಲ್ಲಿ ಉತ್ತರ ಸಿಗದಂಥ ಪ್ರಶ್ನೆ ಕೇಳಿ, ಸ್ವಂತ ವಾದಕ್ಕೆ ಅಂಕ ಕೊಡುವಂತೆ ಮೌಲ್ಯಮಾಪಕರಿಗೆ ಸ್ಪಷ್ಟ ಸೂಚನೆ ನೀಡುವುದು ಇನ್ನೊಂದು. ಮೈಸೂರಿನ ಕಾಲೇಜುಗಳು ಸುತ್ತೋಲೆಗಾಗಿ ಕಾಯಬೇಕಾಗಿಯೂ ಇಲ್ಲ. ಪ್ರಥಮ ಪಿಯುಸಿಯ ಅಂಕ ಯಾವ ರ‍್ಯಾಂಕಿಗೂ ಸೇರದಿರುವುದರಿಂದಲೇ ಆ ವರ್ಷ ಪ್ರಯೋಗಕ್ಕೆ ಮುಕ್ತವಾಗಿದೆ. ಒಂದು ಕಾಲೇಜು ಒಂದು ವಿಭಾಗದಲ್ಲಿ ಆರಂಭಿಸಿ, ಜೂನ್‌ನಲ್ಲಿ ಬರೆಸಿದ ಪುಟವನ್ನೂ ಫೆಬ್ರುವರಿಯಲ್ಲಿ ಬರೆಸಿದ ಪುಟವನ್ನೂ ಪೋಷಕರ ಸಭೆಯಲ್ಲಿ ಅಕ್ಕಪಕ್ಕ ಇಟ್ಟು ತೋರಿಸಲಿ.